ಮನೆಯ ಮುಂದಿನ ರಸ್ತೆ ಯಾರದು?

ಮೈಸೂರಿನ ಸರಸ್ವತೀಪುರದಲ್ಲಿ ಮನೆ ಮಾಡಿರುವವರಿಗೆ ವರ್ಷದಲ್ಲಿ ಮೂರು ಕಾಲಗಳಿಲ್ಲ, ಎರಡೇ. ಕಾಲೇಜು ತೆರೆದಿರುವ ಕಾಲ ಒಂದು, ಮುಚ್ಚಿರುವ ಕಾಲ ಇನ್ನೊಂದು. ಮುಚ್ಚಿರುವ ದಿನಗಳಲ್ಲಿ ನಮ್ಮ ಅಡ್ಡರಸ್ತೆ ಇಷ್ಟು ಅಗಲವಿತ್ತೆ ಎಂದು ನಮಗೇ ಆಶ್ಚರ್ಯವಾಗುತ್ತದೆ. ಬೀದಿನಾಯಿಗಳು ನಡುರಸ್ತೆಯಲ್ಲಿ ಕಾಲು ಚಾಚಿ ಮಲಗುತ್ತವೆ. ತರಕಾರಿ ಗಾಡಿಯವನು ಯಾರನ್ನೂ ಬೈಯದೆ, ಯಾರಿಂದಲೂ ಬೈಸಿಕೊಳ್ಳದೆ ಈ ತುದಿಯಿಂದ ಆ ತುದಿಗೆ ಹೋಗುತ್ತಾನೆ. ಕಾಲೇಜು ತೆರೆದ ಮೊದಲ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಈ ವೈಭವವೆಲ್ಲ ಮುಗಿಯುತ್ತದೆ. ಸ್ಕೂಟರು, ಬೈಕು, ಕಾರುಗಳು ಎರಡೂ ಬದಿಗೆ ಸಾಲುಗಟ್ಟಿದ ಮೇಲೆ ನಮ್ಮ ಮನೆಯ ಗೇಟು ಎಲ್ಲಿದೆ ಎಂದು ತಿಳಿಯಲು ಅದರ ಮೇಲೆ ಹಬ್ಬಿದ ಮಲ್ಲಿಗೆ ಬಳ್ಳಿಯೇ ಗುರುತು.

ಇದಕ್ಕೆ ವಿಶ್ವವಿದ್ಯಾನಿಲಯವನ್ನು ದೂರಿ ಫಲವಿಲ್ಲ. ಅದು ಬಂದದ್ದು 1916ರಲ್ಲಿ; ಮಾನಸಗಂಗೋತ್ರಿಯ ಆವರಣಕ್ಕೆ ಕುವೆಂಪು ಅವರು ಆ ಸೊಗಸಾದ ಹೆಸರಿಟ್ಟದ್ದು 1960ರ ಸುಮಾರಿಗೆ. ಇನ್ನು ಮೈಸೂರಿನ ಬಡಾವಣೆಗಳಿಗೆ ರೂಪ ಕೊಡಲು ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಹುಟ್ಟಿದ್ದು 1903ರಲ್ಲಿ. ನೇರ ರಸ್ತೆ, ನಡುನಡುವೆ ಉದ್ಯಾನ, ಗಾಳಿ ಬೆಳಕು ಎಲ್ಲವನ್ನೂ ಯೋಚಿಸಿದವರು ಅವರು. ಆದರೆ ಅಂದಿನ ಲೆಕ್ಕ ಜಟಕಾಗಾಡಿಯದು, ಸೈಕಲ್ಲಿನದು. ನಾನು ಗಂಗೋತ್ರಿಯಲ್ಲಿ ಗಣಿತ ಓದುತ್ತಿದ್ದ ಎಪ್ಪತ್ತರ ದಶಕದಲ್ಲೂ ನಮ್ಮ ಮೇಷ್ಟ್ರುಗಳಲ್ಲಿ ಅನೇಕರು ಸೈಕಲ್ಲಿನಲ್ಲೇ ಬರುತ್ತಿದ್ದರು. ಪಂಚೆಯ ಚುಂಗು ಸರಪಳಿಗೆ ಸಿಕ್ಕಿಕೊಳ್ಳುವುದೇ ಆಗಿನ ದೊಡ್ಡ ಸಂಚಾರ ಸಮಸ್ಯೆ.

ಗಣಿತದ ಮಾತು ಬಂತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳಿಗೆ ಲೆಕ್ಕ ಹಾಕುವ ಚಾಳಿ ನಿವೃತ್ತಿಯಾದರೂ ಬಿಡುವುದಿಲ್ಲ. ನಮ್ಮ ರಸ್ತೆ ಕಾಗದದಲ್ಲಿ ಮೂವತ್ತು ಅಡಿ. ಮೋರಿ, ಮೋರಿಯಾಚೆ ಕೆಲವರು ಬೆಳೆಸಿಕೊಂಡ ಕ್ರೋಟನ್ ಗಿಡ, ಮತ್ತೆ ಕೆಲವರು ಕಾರು ಹತ್ತಿಸಲು ಹಾಕಿಸಿಕೊಂಡ ಸಿಮೆಂಟಿನ ಇಳಿಜಾರು ಇವನ್ನೆಲ್ಲ ಕಳೆದರೆ ಟಾರು ಉಳಿಯುವುದು ಇಪ್ಪತ್ತು ಅಡಿ. ಒಂದು ಕಾರಿನ ಅಗಲ ಸುಮಾರು ಆರು ಅಡಿ. ಎರಡು ಬದಿಗೂ ಕಾರು ನಿಂತರೆ ಹನ್ನೆರಡು ಹೋಯಿತು, ಉಳಿದದ್ದು ಎಂಟು. ಅಗ್ನಿಶಾಮಕ ವಾಹನದ ಅಗಲವೂ ಹೆಚ್ಚುಕಡಿಮೆ ಎಂಟು ಅಡಿಯೇ. ಶೇಷ ಸೊನ್ನೆ.

ಈ ಸೊನ್ನೆಗಾಗಿ ನಮ್ಮ ಬೀದಿಯಲ್ಲಿ ನಡೆದ ಯುದ್ಧಗಳನ್ನು ನೀವು ನೋಡಬೇಕಿತ್ತು. ಮೊದಲು ಒಬ್ಬರು ಗೇಟಿನ ಮುಂದೆ ಎರಡು ಹೂಕುಂಡ ಇಟ್ಟರು. ಪಕ್ಕದವರು ಸುಣ್ಣ ಬಳಿದ ಕಲ್ಲು ಇಟ್ಟರು. ಮೂರನೆಯವರು ಹಳೆಯ ಟಯರಿಗೆ ಸಿಮೆಂಟು ತುಂಬಿಸಿ ನಡುವೆ ಕಬ್ಬಿಣದ ಕಂಬ ನೆಟ್ಟು, ಕಂಬದಿಂದ ಕಂಬಕ್ಕೆ ಸರಪಳಿ ಬಿಗಿದರು. ಎಲ್ಲರ ಗೇಟಿನ ಮೇಲೂ ಬೋರ್ಡು ಬಂತು: "ನೋ ಪಾರ್ಕಿಂಗ್. ಮೀರಿದರೆ ಟಯರಿನ ಗಾಳಿ ಬಿಡಲಾಗುವುದು." ತಮಾಷೆಯೆಂದರೆ ಇಂಥ ಬೋರ್ಡಿಗೆ ಕಾನೂನಿನ ಬಲ ಇಲ್ಲವೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ನಿನ ಪ್ರಕಾರ ವಾಹನ ನಿಲ್ಲಿಸುವ ಜಾಗವನ್ನು ಗೊತ್ತುಮಾಡಬೇಕಾದವರು ರಾಜ್ಯ ಸರಕಾರ ಇಲ್ಲವೇ ಅದರಿಂದ ಅಧಿಕಾರ ಪಡೆದವರು, ಅದೂ ಸ್ಥಳೀಯ ಸಂಸ್ಥೆಯೊಡನೆ ವಿಚಾರ ಮಾಡಿ. ಸೈಟಿನ ಅಳತೆ ಕಾಂಪೌಂಡಿಗೆ ಮುಗಿಯಿತು. ಆಚೆಗಿರುವುದು ಊರಿನ ರಸ್ತೆ. ಹಾಗೆಂದು ಬಂದವರು ಎಲ್ಲೆಂದರಲ್ಲಿ ನಿಲ್ಲಿಸಬಹುದು ಎಂದೂ ಅಲ್ಲ. ಗೇಟಿಗೆ ಅಡ್ಡವಾಗಿ, ಫುಟ್‌ಪಾತಿನ ಮೇಲೆ, ರಸ್ತೆಗಳು ಕೂಡುವಲ್ಲಿ, ಶಾಲೆ ಆಸ್ಪತ್ರೆಗಳ ಬಾಗಿಲಲ್ಲಿ ವಾಹನ ನಿಲ್ಲಿಸಬಾರದೆಂದು ಕೇಂದ್ರದ ನಿಯಮಗಳು 1989ರಿಂದಲೂ ಹೇಳುತ್ತ ಬಂದಿವೆ. ಅಂದರೆ ಗೇಟಿನ ಎದುರಿನ ಹತ್ತು ಅಡಿ ಬಿಟ್ಟುಕೊಡಿ ಎಂದು ಕೇಳುವ ಹಕ್ಕು ನಮಗಿದೆ. ಕಾಂಪೌಂಡಿನ ಉದ್ದಕ್ಕೂ ಕುಂಡ ಜೋಡಿಸುವ ಹಕ್ಕಿಲ್ಲ.

ಇದನ್ನು ಹೇಳಿದರೆ ಕೇಳುವವರು ಯಾರು? ಎದುರು ಮನೆಯ ಹಿರಿಯರಂತೂ ಕೇಳುವ ಸ್ಥಿತಿಯಲ್ಲೇ ಇರಲಿಲ್ಲ. ಅವರ ಹೆಂಡತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಟೋ ಗೇಟಿನವರೆಗೆ ಬರಲೇಬೇಕು. ಡಯಾಲಿಸಿಸ್ ಮುಗಿಸಿ ಬಂದಾಗ ಆಕೆಗೆ ಹತ್ತು ಹೆಜ್ಜೆ ಇಡುವುದೂ ಕಷ್ಟ. ಎಷ್ಟೋ ಮಧ್ಯಾಹ್ನ ಆ ದಂಪತಿ ರಸ್ತೆಯ ತುದಿಯಲ್ಲೇ ಆಟೋ ಇಳಿದು, ನಿಂತ ಬೈಕುಗಳ ಸೀಟುಗಳನ್ನು ಒಂದೊಂದಾಗಿ ಹಿಡಿದುಕೊಂಡು ಮನೆ ಸೇರುವುದನ್ನು ಕಂಡಿದ್ದೇನೆ. ಗೇಟಿಗೆ ಅಡ್ಡ ನಿಂತ ಗಾಡಿಯ ಯಜಮಾನ ಯಾರೆಂದು ಹುಡುಕುವುದೆಲ್ಲಿ? ಅವನು ಕ್ಲಾಸಿನಲ್ಲಿರುತ್ತಾನೆ, ಇಲ್ಲವೇ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ.

ಒಂದು ಬೆಳಿಗ್ಗೆ ಹಿರಿಯರು ಬೋರ್ಡಿನಲ್ಲಿ ಬರೆದದ್ದನ್ನು ಮಾಡಿಯೇಬಿಟ್ಟರು. ಗೇಟಿನೆದುರು ಇದ್ದ ಸ್ಕೂಟರಿನ ಎರಡೂ ಚಕ್ರಗಳ ಗಾಳಿ ಬಿಟ್ಟು ವಾಲ್ವ್ ಪಿನ್ನುಗಳನ್ನು ಮೋರಿಗೆ ಎಸೆದರು. ಅದು ಮೂರನೇ ಮನೆಯ ಪಿ.ಜಿ.ಯಲ್ಲಿದ್ದ ಒಬ್ಬ ಬಿ.ಇಡಿ. ಹುಡುಗನದು. ಹೆಗ್ಗಡದೇವನಕೋಟೆ ಕಡೆಯವನು. ರಾತ್ರಿ ಅವನು ಗಾಡಿ ನಿಲ್ಲಿಸಿದ್ದು ಪಿ.ಜಿ.ಯ ಕಾಂಪೌಂಡಿನ ಪಕ್ಕದಲ್ಲೇ. ಹ್ಯಾಂಡಲ್ ಲಾಕ್ ಕೆಟ್ಟಿತ್ತು. ಆಮೇಲೆ ಬಂದ ಯಾರೋ ತಮ್ಮ ಬೈಕಿಗೆ ಜಾಗ ಮಾಡಿಕೊಳ್ಳಲು ಅದನ್ನು ಎಳೆದು ಹಿರಿಯರ ಗೇಟಿನೆದುರು ಬಿಟ್ಟಿದ್ದರು. ನಮ್ಮ ಊರುಗಳಲ್ಲಿ ಹೀಗೆ ಎಳೆದಿಡುವುದು ಎಷ್ಟು ಸಾಮಾನ್ಯವೆಂದರೆ ಅದನ್ನು ತಪ್ಪೆಂದು ಯಾರೂ ಎಣಿಸುವುದಿಲ್ಲ.

ಅಂದು ಅವನಿಗೆ ಸೆಮಿಸ್ಟರ್ ಪರೀಕ್ಷೆ. ಕೇಂದ್ರ ಊರಿನ ಇನ್ನೊಂದು ತುದಿಯಲ್ಲಿ. ಗಾಡಿ ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಹೋದ, ಅಂಗಡಿ ತೆರೆದಿರಲಿಲ್ಲ. ಗಾಡಿಯನ್ನು ಅಲ್ಲೇ ಬಿಟ್ಟು ಆಟೋ ಹುಡುಕಿದ. ತಲುಪಿದಾಗ ಪರೀಕ್ಷೆ ಆರಂಭವಾಗಿ ನಲವತ್ತು ನಿಮಿಷವಾಗಿತ್ತು. ಅರ್ಧ ಗಂಟೆ ಕಳೆದ ಮೇಲೆ ಒಳಗೆ ಬಿಡುವುದಿಲ್ಲವಲ್ಲ, ವಾಪಸು ಕಳಿಸಿದರು. ಒಂದು ಪತ್ರಿಕೆ ಹೋಯಿತು ಎನ್ನುವುದು ಹೇಳಲು ಸುಲಭ. ಆ ಪತ್ರಿಕೆಗೆ ಕಾಯಬೇಕು, ಅದು ಮುಗಿಯದೆ ಪದವಿ ಇಲ್ಲ, ಪದವಿ ಇಲ್ಲದೆ ಶಿಕ್ಷಕರ ನೇಮಕಾತಿಗೆ ಅರ್ಜಿ ಇಲ್ಲ.

ಮೂರನೆಯ ದಿನ ಅವನ ತಂದೆ ಬಸ್ಸು ಹಿಡಿದು ಬಂದರು. ಜಗಳಕ್ಕೆ ಬಂದವರಂತೆ ಕಾಣಲಿಲ್ಲ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ರಸ್ತೆಯ ನಡುವೆ ನಿಂತು, "ಯಾರು ಸ್ವಾಮಿ ಗಾಳಿ ಬಿಟ್ಟೋರು?" ಎಂದು ಕೇಳಿದರು. ಹಿರಿಯರು ಬಾಗಿಲು ಹಾಕಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಹೊರಗೆ ಬಂದು "ನಾನೇ" ಎಂದರು.

"ಗಾಡಿ ಅಡ್ಡ ನಿಲ್ಸಿದ್ರೆ ನನ್ನ ಮಗನಿಗೆ ಎರಡೇಟು ಹಾಕಿ ಸ್ವಾಮಿ. ಪರೀಕ್ಷೆ ಯಾಕೆ ತಪ್ಪಿಸಿದ್ರಿ?"

ಹಿರಿಯರು ಉತ್ತರ ಕೊಡಲಿಲ್ಲ. "ಒಳಗೆ ಬನ್ನಿ" ಎಂದು ಕರೆದುಕೊಂಡು ಹೋದರು. ಪಡಸಾಲೆಯ ಮಂಚದ ಮೇಲೆ ಆಕೆ ಮಲಗಿದ್ದರು. ಒಳಗೆ ಏನು ಮಾತಾಯಿತೋ ನನಗೆ ತಿಳಿಯದು. ಅರ್ಧ ಗಂಟೆಯ ಮೇಲೆ ಆ ತಂದೆ ಹೊರಗೆ ಬಂದು, ಮಗನನ್ನು ಕರೆದು, ಗೇಟಿನ ಎದುರಿದ್ದ ಬೇರೆ ಯಾರದೋ ಎರಡು ಬೈಕುಗಳನ್ನು ಅವನ ಕೈಯಿಂದ ಪಕ್ಕಕ್ಕೆ ಸರಿಸಿಸಿ ಬಸ್‌ಸ್ಟ್ಯಾಂಡಿಗೆ ಹೊರಟುಹೋದರು.

ಅದಾದ ಮುಂದಿನ ಭಾನುವಾರ ಉದ್ಯಾನದ ಕಲ್ಲುಬೆಂಚುಗಳ ಹತ್ತಿರ ಬೀದಿಯವರ ಸಭೆ ಸೇರಿತು. ಸಭೆಯೆಂದರೆ ಬಡಾವಣೆಯ ಸಂಘದ ಸಭೆ. ಸಂಘವೆಂದರೆ ಮನೆಯ ಮಾಲೀಕರ ಸಂಘ. ಹುಡುಗರನ್ನೂ ಕರೆಯಬೇಕೆಂದು ನಾನು ಹಟ ಹಿಡಿದದ್ದರಿಂದ ಐದಾರು ಜನ ವಿದ್ಯಾರ್ಥಿಗಳು ಹಿಂದೆ ನಿಂತಿದ್ದರು. ಕಾರ್ಯದರ್ಶಿಗಳು ಎದ್ದು, "ನಿವಾಸಿಗಳಿಗೆ ಮಾತ್ರ ಎಂದು ಸ್ಟಿಕ್ಕರು ಮಾಡಿಸೋಣ. ಸ್ಟಿಕ್ಕರು ಇಲ್ಲದ ಗಾಡಿಗೆ ಚೈನು ಹಾಕೋಣ. ಅಮೆರಿಕದಲ್ಲಿ ಹೀಗೇ ಮಾಡ್ತಾರಂತೆ. ಟೀಚರ್ ನೋಡಿ ಬಂದಿದ್ದಾರೆ, ಬೇಕಾದರೆ ಕೇಳಿ" ಎಂದು ನನ್ನ ಕಡೆ ಕೈ ತೋರಿಸಿದರು.

ನೋಡಿ ಬಂದದ್ದು ನಿಜ. ಮಗಳು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಓದುತ್ತಿದ್ದಾಗ, 2018ರಲ್ಲಿ, ಮೂರು ತಿಂಗಳು ಅವಳ ಬಾಡಿಗೆ ಮನೆಯಲ್ಲಿ ಇದ್ದೆ. ಅದೂ ವಿಶ್ವವಿದ್ಯಾನಿಲಯಕ್ಕೆ ಅಂಟಿಕೊಂಡ ಬೀದಿ. ಅಡುಗೆ ಮುಗಿದ ಮೇಲೆ ಕಿಟಕಿಯಲ್ಲಿ ನಿಂತು ರಸ್ತೆ ನೋಡುವುದೇ ನನ್ನ ಕೆಲಸ. ಅಲ್ಲಿ ಕಂಬಕ್ಕೊಂದು ಫಲಕ: ಈ ವಲಯದ ಪರ್ಮಿಟ್ ಇಲ್ಲದ ವಾಹನ ಹಗಲು ಹೊತ್ತಿನಲ್ಲಿ ಎರಡು ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ. ಪರ್ಮಿಟ್ಟಿಗೆ ನಗರಸಭೆಗೆ ಹಣ ಕಟ್ಟಬೇಕು, ವಾಸದ ಪುರಾವೆ ತೋರಿಸಬೇಕು. ಮನೆಗೆ ನೆಂಟರು ಬಂದರೆ ಅವರಿಗೆ ಬೇರೆ ಅಲ್ಪಾವಧಿ ಪರ್ಮಿಟ್, ಅದಕ್ಕೂ ವರ್ಷಕ್ಕೆ ಇಷ್ಟೇ ಎಂದು ಮಿತಿ. ಇಷ್ಟೆಲ್ಲ ಮಾಡಿದರೂ ಜಾಗ ಸಿಕ್ಕೇ ಸಿಗುತ್ತದೆಂಬ ಭರವಸೆ ಇಲ್ಲ. ಹುಡುಕುವ ಹಕ್ಕು ಮಾತ್ರ. ಯಾವ ಮನೆಯವರೂ ತಮ್ಮ ಮನೆಯೆದುರಿನ ಜಾಗ ತಮ್ಮದೆನ್ನುವಂತಿಲ್ಲ. ಗುಡ್ಡದ ಬೀದಿಗಳಲ್ಲಿ ಮುಂಚಕ್ರವನ್ನು ಓರೆ ತಿರುಗಿಸಿ ನಿಲ್ಲಿಸದಿದ್ದರೆ ಅದಕ್ಕೂ ದಂಡ.

ಆ ದೇಶದಲ್ಲೂ ಇದು ಸಲೀಸಾಗಿ ಬಂದ ವ್ಯವಸ್ಥೆಯಲ್ಲ. ರಾಜಧಾನಿ ವಾಷಿಂಗ್ಟನ್ನಿನ ಪಕ್ಕದ ಆರ್ಲಿಂಗ್ಟನ್ನಿನಲ್ಲಿ, ಕಚೇರಿಗೆ ಬರುವವರು ಮನೆಗಳ ಮುಂದೆ ಕಾರು ಬಿಟ್ಟು ಹೋಗುತ್ತಿದ್ದುದನ್ನು ತಡೆಯಲು ಇಂಥ ಪರ್ಮಿಟ್ ತಂದಾಗ, ರಸ್ತೆ ಎಲ್ಲರದೂ ಅಲ್ಲವೇ, ಇಲ್ಲಿಯವನು ಅಲ್ಲಿಯವನು ಎಂಬ ಭೇದವೇಕೆ ಎಂದು ಜನ ಕೋರ್ಟಿಗೆ ಹೋದರು. ಅದು ಸುಪ್ರೀಂ ಕೋರ್ಟಿನವರೆಗೂ ಹೋಗಿ, 1977ರಲ್ಲಿ ಪರ್ಮಿಟ್ಟಿನ ಪರವಾಗಿ ತೀರ್ಪಾಯಿತು. ಇನ್ನೊಂದು ವ್ಯಾಜ್ಯವಂತೂ ನನಗೆ ಬಹಳ ಹಿಡಿಸಿತು. ಎರಡು ಗಂಟೆ ಆಯಿತೋ ಇಲ್ಲವೋ ಎಂದು ತಿಳಿಯಲು ಅಲ್ಲಿನ ಸಿಬ್ಬಂದಿ ಟಯರಿನ ಮೇಲೆ ಸೀಮೆಸುಣ್ಣದ ಗೀಟು ಹಾಕಿ ಹೋಗುವ ಪದ್ಧತಿ ಅನೇಕ ಊರುಗಳಲ್ಲಿತ್ತು. ಮಿಷಿಗನ್ನಿನ ಸ್ಯಾಗಿನಾ ಎಂಬ ಊರಿನ ಮೊಕದ್ದಮೆಯಲ್ಲಿ, ಹೀಗೆ ಗೀಟು ಹಾಕುವುದೂ ವಾರಂಟ್ ಇಲ್ಲದ ಶೋಧನೆಯೇ ಎಂದು 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. 2022ರಲ್ಲಿ ಪಶ್ಚಿಮದ ಇನ್ನೊಂದು ಮೇಲ್ಮನವಿ ನ್ಯಾಯಾಲಯ, ಸ್ಯಾನ್ ಡಿಯೆಗೊ ಊರಿನ ವಿಷಯದಲ್ಲಿ, ಗೀಟು ಹಾಕಿದರೆ ತಪ್ಪಿಲ್ಲ ಎಂದಿತು. ಆಯುಷ್ಯವೆಲ್ಲ ಸೀಮೆಸುಣ್ಣ ಹಿಡಿದವಳಿಗೆ ಅದರ ಒಂದು ಗೀಟಿಗೆ ಇಷ್ಟು ಘನತೆ ಇದೆಯೆಂದು ಗೊತ್ತೇ ಇರಲಿಲ್ಲ! ಅಂದಹಾಗೆ ಬರ್ಕ್ಲಿಯ ವಿಶ್ವವಿದ್ಯಾನಿಲಯದ ಆವರಣದೊಳಗೆ ಕೆಲವು ಜಾಗಗಳಿಗೆ "ಎನ್.ಎಲ್." ಎಂಬ ಫಲಕವಿದೆ. ನೊಬೆಲ್ ಪ್ರಶಸ್ತಿ ಬಂದವರ ಕಾರಿಗೆ ಮಾತ್ರ ಆ ಜಾಗ. ಕಾರು ನಿಲ್ಲಿಸಲು ಜಾಗ ಬೇಕಾದರೆ ಓದು ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೆ ಸಭೆಯಲ್ಲಿ ನಾನು ಹೇಳಿದ್ದು ಇವು ಯಾವುವನ್ನೂ ಅಲ್ಲ. ಕಾರ್ಯದರ್ಶಿಗಳು ಬಿಟ್ಟಿದ್ದ ಒಂದೇ ಒಂದು ಸಂಗತಿಯನ್ನು ಹೇಳಿದೆ. ಬರ್ಕ್ಲಿಯ ಆ ಬೀದಿಯಲ್ಲಿ ಪರ್ಮಿಟ್ ಪಡೆದವರಲ್ಲಿ ನನ್ನ ಮಗಳೂ ಒಬ್ಬಳು. ಆ ಊರಿನಲ್ಲಿ ಅವಳಿಗೆ ಸ್ವಂತ ಮನೆಯಿಲ್ಲ, ಆ ದೇಶದಲ್ಲಿ ಓಟಿಲ್ಲ. ಬಾಡಿಗೆ ಕರಾರು ತೋರಿಸಿದಳು, ಹಣ ಕಟ್ಟಿದಳು, ನಿವಾಸಿಯಾದಳು. ಅಷ್ಟೆ.

ಆಗ ಹಿಂದಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. ತೀರ್ಥಹಳ್ಳಿ ಕಡೆಯವಳು, ಎಂ.ಎ. ವಿದ್ಯಾರ್ಥಿನಿ. "ಅಂಕಲ್, ನಾನು ಎರಡು ವರ್ಷದಿಂದ ಇದೇ ರಸ್ತೇಲಿ ಇದೀನಿ. ನಾನು ನಿವಾಸಿ ಹೌದೋ ಅಲ್ವೋ?" ಎಂದು ಕೇಳಿದಳು. ಕಾರ್ಯದರ್ಶಿಗಳು ತಡವರಿಸಿದರು. ಸಂಘದ ಪಟ್ಟಿಯಲ್ಲಿ ಇಪ್ಪತ್ತೆರಡು ಮನೆಗಳಿವೆ. ಅದರಲ್ಲಿ ಆರು ಮನೆಯ ಮಾಲೀಕರು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಒಬ್ಬರಂತೂ ಹತ್ತು ವರ್ಷದಿಂದ ಈ ಬೀದಿಗೆ ಕಾಲಿಟ್ಟಿಲ್ಲ. ಅವರು ನಿವಾಸಿ. ದಿನಾ ಬೆಳಿಗ್ಗೆ ಹಾಲಿನ ಬೂತಿನಲ್ಲಿ ನಮ್ಮ ಜೊತೆ ಸಾಲಿನಲ್ಲಿ ನಿಲ್ಲುವ ಈ ಹುಡುಗಿ ಹೊರಗಿನವಳು!

ಮಾತು ಅಲ್ಲಿಂದ ಬೇರೆ ಕಡೆಗೆ ತಿರುಗಿತು. ಬಿ.ಇಡಿ. ಹುಡುಗ, ಮೂರನೇ ಮನೆಯ ಪಿ.ಜಿ. ಮಾಲೀಕರನ್ನೇ ನೋಡುತ್ತ, "ಸಾರ್, ನಿಮ್ಮ ಕಾರ್ ಷೆಡ್ಡಿನಲ್ಲಿ ನಾವು ಎಂಟು ಜನ ಮಲಗ್ತೀವಿ. ಅದು ಷೆಡ್ಡಾಗೇ ಇದ್ದಿದ್ರೆ ನಮ್ಮ ಎಂಟೂ ಗಾಡಿ ಒಳಗೇ ನಿಲ್ತಿತ್ತು" ಎಂದ. ಎಲ್ಲರೂ ಸುಮ್ಮನಾದರು. ನನ್ನ ಮಟ್ಟಿಗೆ ಇಡೀ ಸಮಸ್ಯೆಯ ಬೇರು ಅಲ್ಲಿತ್ತು. ನಕ್ಷೆಯಲ್ಲಿ ವಾಹನ ನಿಲುಗಡೆಗೆಂದು ತೋರಿಸಿ ಒಪ್ಪಿಗೆ ಪಡೆದ ಜಾಗಕ್ಕೆ ಗೋಡೆ ಕಟ್ಟಿ ಮಂಚ ಹಾಕುತ್ತೇವೆ; ಬಾಡಿಗೆ ನಮ್ಮ ಜೇಬಿಗೆ, ಬೈಕು ಊರಿನ ರಸ್ತೆಗೆ. ಪಿ.ಜಿ.ಯವರು "ಎಲ್ಲರೂ ಮಾಡಿದ್ದಾರೆ, ನಾನೊಬ್ಬನೇನಾ?" ಎಂದರು. ಅದೂ ಸುಳ್ಳಲ್ಲ. ಪೋರ್ಟಿಕೋ ತುಂಬ ಮುರಿದ ಸೋಫಾ, ತೆಂಗಿನ ಸಿಪ್ಪೆ, ಮಕ್ಕಳ ಹಳೆಯ ಸೈಕಲ್ಲು ಪೇರಿಸಿ ಕಾರನ್ನು ರಸ್ತೆಯಲ್ಲಿ ಬಿಡುವ ಮನೆಗಳು ನಮ್ಮ ಬೀದಿಯಲ್ಲೇ ಐದಿವೆ. ಒಂದು ಕಾರಿನ ಜಾಗದಲ್ಲಿ ನಾಲ್ಕೈದು ಬೈಕು ನಿಲ್ಲುತ್ತವೆ ಎನ್ನುವುದನ್ನು ಮರೆತು ನಾವು ಬೈಕಿನವರನ್ನು ಬೈಯುತ್ತೇವೆ.

ಪರ್ಮಿಟ್ಟಿನ ವಿಚಾರ ನಮ್ಮ ರಾಜ್ಯಕ್ಕೂ ಹೊಸದಲ್ಲ. 2021ರಲ್ಲಿ ಪ್ರಕಟವಾದ ಬೆಂಗಳೂರಿನ ಪಾರ್ಕಿಂಗ್ ನೀತಿಯಲ್ಲಿ, ವಸತಿ ಬೀದಿಗಳಲ್ಲಿ ಕಾರು ನಿಲ್ಲಿಸಲು ವರ್ಷಕ್ಕೆ ಸಣ್ಣ ಕಾರಿಗೆ 1,000 ರೂಪಾಯಿಯಿಂದ ದೊಡ್ಡ ಕಾರಿಗೆ 5,000 ರೂಪಾಯಿವರೆಗೆ ಶುಲ್ಕದ ಪ್ರಸ್ತಾಪವಿತ್ತು. ಆಗ ಎದ್ದ ಗದ್ದಲ ಅನೇಕರಿಗೆ ನೆನಪಿರಬಹುದು. ರಸ್ತೆ ತೆರಿಗೆ ಕಟ್ಟಿಲ್ಲವೇ, ಮತ್ತೇಕೆ ಎಂಬುದು ವಾದ. ತೆರಿಗೆ ಕಟ್ಟುವುದು ರಸ್ತೆಯಲ್ಲಿ ಓಡಾಡಲು, ಅದನ್ನು ಷೆಡ್ಡು ಮಾಡಿಕೊಳ್ಳಲು ಅಲ್ಲ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಬಹಳ ಜನ, ನಮ್ಮ ಮನೆಯವರೂ ಸೇರಿ.

ಸಭೆ ಮೂರು ಭಾನುವಾರ ನಡೆಯಿತು. ಕುಂಡ, ಕಲ್ಲು, ಸರಪಳಿ ತೆಗೆಯುವುದಕ್ಕೇ ಎರಡು ಭಾನುವಾರ ಹಿಡಿಯಿತು. ಪ್ರತಿ ಗೇಟಿನೆದುರು ಹತ್ತು ಅಡಿಗೆ ಬಿಳಿ ಗೀಟು; ಡಯಾಲಿಸಿಸ್ಸಿನವರ ಗೇಟಿಗೆ ಹದಿನೈದು. ಆ ಗೀಟು ಎಳೆದವರು ಹುಡುಗರು, ಸುಣ್ಣ ಕಲಸಿ ಕೊಟ್ಟವರು ಹಿರಿಯರು. ಗಾಳಿ ಬಿಡುವುದಿಲ್ಲ, ಬದಲಿಗೆ ಪ್ರತಿ ಗಾಡಿಯ ಮುಂಭಾಗದಲ್ಲಿ ಮಾಲೀಕರ ಫೋನ್ ನಂಬರು ಇರಬೇಕು, ಕರೆ ಬಂದರೆ ಹತ್ತು ನಿಮಿಷದಲ್ಲಿ ಬರಬೇಕು ಎಂದಾಯಿತು. ಹುಡುಗಿಯರು ನಂಬರು ಹಾಕಲು ಒಪ್ಪಲಿಲ್ಲ. ಸರಿಯಾದ ಮಾತೇ. ಅವರ ಗಾಡಿಗೆ ನನ್ನ ನಂಬರು ಹಾಕಿದ್ದೇವೆ. ಕೆಲವು ದಿನ ನನ್ನ ಮಧ್ಯಾಹ್ನದ ನಿದ್ದೆ ಅದಕ್ಕೇ ಹೋಗುತ್ತದೆ. ಪಿ.ಜಿ.ಯವರು ಷೆಡ್ಡನ್ನು ಇನ್ನೂ ತೆರವು ಮಾಡಿಲ್ಲ. ಮುಂದಿನ ವರ್ಷ ಎನ್ನುತ್ತಿದ್ದಾರೆ. ಪಕ್ಕದ ಖಾಲಿ ಸೈಟನ್ನು ಬಾಡಿಗೆಗೆ ಹಿಡಿದು ಇಪ್ಪತ್ತು ಬೈಕಿಗೆ ಜಾಗ ಮಾಡಿಸಿದ್ದಾರೆ. ಆ ಬಾಡಿಗೆಯನ್ನು ಹುಡುಗರ ಮೇಲೆ ಹೇರಿದ್ದಾರೆ ಎನ್ನುವುದು ಆಮೇಲೆ ತಿಳಿಯಿತು.

ಮಗನಿಗೋ ಮಗಳಿಗೋ ಕೊಠಡಿ ನೋಡಲು ಬರುವ ತಂದೆತಾಯಿಗಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಮಂಚ ಅಲ್ಲಾಡಿಸಿ ನೋಡುತ್ತಾರೆ, ಬಿಸಿನೀರು ಬರುತ್ತದೆಯೇ ಕೇಳುತ್ತಾರೆ, ಸಾರು ರುಚಿ ನೋಡುವವರೂ ಇದ್ದಾರೆ. ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ ಎಂದು ಕೇಳಿದವರನ್ನು ಇನ್ನೂ ಕಂಡಿಲ್ಲ. ದಯವಿಟ್ಟು ಕೇಳಿ. ಕಾಂಪೌಂಡಿನ ಒಳಗೆ ಜಾಗ ತೋರಿಸದವರಿಗೆ ಪೂರ್ತಿ ಬಾಡಿಗೆ ಕೊಡುವುದೇಕೆ? ಹ್ಯಾಂಡಲ್ ಲಾಕ್ ಕೆಟ್ಟಿದ್ದರೆ ಅಂದೇ ರಿಪೇರಿ ಮಾಡಿಸಿ. ಇನ್ನು ನಮ್ಮ ಬೀದಿಯಿಂದ ಗಂಗೋತ್ರಿಯ ವಿಭಾಗಗಳಿಗೆ ಹದಿನೈದು ನಿಮಿಷದ ನಡಿಗೆ, ಅದೂ ಮರಗಳ ನೆರಳಿನಲ್ಲಿ. ಇಷ್ಟಕ್ಕೂ ಬೈಕು ಬೇಕೇ ಎಂದು ಹುಡುಗರು ತಾವೇ ಯೋಚಿಸಲಿ. ನಾನು ಹೇಳಿದರೆ ಹಳೆಯ ಕಾಲದ ಮೇಡಂ ಅಂದುಕೊಳ್ಳುತ್ತಾರೆ.

ಬಿ.ಇಡಿ. ಹುಡುಗ ಆ ಪತ್ರಿಕೆಯನ್ನು ಮುಂದಿನ ಸಲ ಬರೆದ. ಪರೀಕ್ಷೆಯ ದಿನ ಬೆಳಿಗ್ಗೆ ಎಂಟು ಗಂಟೆಗೇ ಹಿರಿಯರು ಆಟೋ ತಂದು ನಿಲ್ಲಿಸಿದ್ದರು. ಅವನು ಬೇಡವೆಂದರೂ ಕೇಳಲಿಲ್ಲ.

ಟ್ರಾಫಿಕ್ ಪೊಲೀಸರಿಗೆ ಕೊಟ್ಟ ಅರ್ಜಿಯೂ ಕೆಲವು ತಿಂಗಳಲ್ಲಿ ಫಲ ಕೊಟ್ಟಿತು. ನಮ್ಮ ರಸ್ತೆಗೆ ಈಗ ಅಧಿಕೃತ ಬೋರ್ಡು ಬಂದಿದೆ: ಬೆಸ ತಾರೀಖಿನಂದು ಉತ್ತರದ ಬದಿ, ಸಮ ತಾರೀಖಿನಂದು ದಕ್ಷಿಣದ ಬದಿ. ಇಪ್ಪತ್ತರಲ್ಲಿ ಆರು ಹೋಗಿ ಹದಿನಾಲ್ಕು ಅಡಿ ಉಳಿಯುತ್ತದೆ. ಆದರೆ ಉತ್ತರದ ಬದಿಯಲ್ಲಿ ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದ ಒಬ್ಬರಿದ್ದಾರೆ. ಅವರು ಪಂಚಾಂಗ ಹಿಡಿದು ನಮ್ಮ ಮನೆಗೆ ಬಂದರು. ಏಳು ತಿಂಗಳಿಗೆ ಮೂವತ್ತೊಂದು ದಿನ. 31 ಬೆಸ, ಮರುದಿನ 1 ಕೂಡ ಬೆಸ. ಹೀಗಾಗಿ ವರ್ಷಕ್ಕೆ ಉತ್ತರದವರ ಮನೆ ಮುಂದೆ 186 ದಿನ, ದಕ್ಷಿಣದವರ ಮುಂದೆ 179 ದಿನ. "ಏಳು ದಿನದ ಅನ್ಯಾಯ ಟೀಚರ್, ನೀವೇ ಕೂಡಿ ನೋಡಿ" ಎಂದರು. ಕೂಡಿ ನೋಡಿದೆ, ಲೆಕ್ಕ ಸರಿಯಾಗಿಯೇ ಇದೆ. ಬರುವ ಭಾನುವಾರದ ಸಭೆಯಲ್ಲಿ ಮೊದಲ ವಿಷಯ ಅದೇ.